ಹುಳುಮನೆಯ ಬಾಗಿಲಿಗೆ ಬೇವು

ಅಕ್ಕಯ್ಯಮ್ಮನವರನ್ನು ನಾನು ಮೊದಲು ಕಂಡದ್ದು ೧೯೫೯ರ ಆಷಾಢದಲ್ಲಿ, ಒಂದು ಬೆಳಿಗ್ಗೆ. ಬಿ.ಎ. ಮುಗಿಸಿ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಮಾಧ್ಯಮಿಕ ಶಾಲೆಗೆ ಮೇಷ್ಟ್ರಾಗಿ ಬಂದಿದ್ದೆ. ನಮ್ಮೂರು ಚಿಂತಾಮಣಿಯಿಂದಾಚೆ, ರಾಗಿ ಕಡಲೆಕಾಯಿ ಬೆಳೆಯುವ ಊರು. ರೇಷ್ಮೆ ಹುಳುವನ್ನು ಹತ್ತಿರದಿಂದ ನೋಡಿದವನಲ್ಲ. ಬಾಡಿಗೆಗೆ ಕೋಣೆ ಸಿಗಬಹುದೆಂದು ಯಾರೋ ಒಂದು ಮನೆ ತೋರಿಸಿದರು. ಉದ್ದನೆಯ ಹೆಂಚಿನ ಮನೆ. ಒಂದು ತುದಿಯಲ್ಲಿ ವಾಸ, ಇನ್ನೊಂದು ತುದಿಯಲ್ಲಿ ಹುಳು ಮೇಯಿಸುವ ಕೋಣೆ. ಆ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪಿನ ಗೊಂಚಲು ಕಟ್ಟಿತ್ತು. ಹೊಸ್ತಿಲ ಮುಂದೆ ಸುಣ್ಣದ ಪುಡಿಯ ಗೆರೆ. ಗೆರೆಯ ಒಳಗಡೆ, ಐವತ್ತರ ಹತ್ತಿರದ ಹೆಂಗಸೊಬ್ಬರು ಹಲಗೆಯ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಅಲ್ಲೇ ನಿಂತ್ಕಳಪ್ಪ. ಗೆರೆ ದಾಟ್ಬೇಡ. ಯಾವೂರು?"

ಹೇಳಿದೆ.

"ಯಾರ ಪೈಕಿ?"

ಅದನ್ನೂ ಹೇಳಿದೆ.

"ಏನು ಕೆಲ್ಸ?"

"ಸ್ಕೂಲಿಗೆ ಹೊಸದಾಗಿ ಬಂದಿದೀನಮ್ಮ. ಮೇಷ್ಟ್ರು."

ಕತ್ತಿ ನಿಂತಿತು. "ಮೇಷ್ಟ್ರಾ? ಹಿಂದಿನ ಮೇಷ್ಟ್ರು ನಶ್ಯ ಏರಿಸ್ತಿದ್ರು. ಹೊಗೆಸೊಪ್ಪಿನ ಘಾಟಿಗೇ ಹುಳ ಸಾಯ್ತವೆ. ನನ್ನ ಒಂದು ಬೆಳೆ ಪೂರಾ ಅವರ ಮೂಗಿನ ಪಾಲಾಯ್ತು. ಎಲ್ಲಿ, ಕೈ ಕೊಡು."

ಕೈ ಚಾಚಿದೆ. ಗೆರೆಯ ಈಚೆಗೆ ಬಗ್ಗಿ ಬೆರಳುಗಳನ್ನು ಮೂಸಿ ನೋಡಿದರು. ಇನ್ನೊಂದು ಕೈಯನ್ನೂ ಮೂಸಿದರು. ಆಮೇಲೆ ಅಂಗಿಯ ಜೇಬನ್ನು.

"ಬೀಡಿ ಇಲ್ಲ. ಕಾಫಿ ಐತೆ. ಕಾಫಿಯಿಂದ ಹುಳಕ್ಕೇನೂ ತೊಂದ್ರೆ ಇಲ್ಲ. ಎಷ್ಟು ಓದಿದೀಯಪ್ಪ?"

"ಬಿ.ಎ."

"ಅಷ್ಟು ಓದಿದೋರು ಈ ಊರಿಗೆ ಯಾಕೆ ಬಂದ್ರಿ? ಅಲ್ಲೇನಾದ್ರೂ ಮಾಡ್ಕೊಂಡು ಬಂದ್ರಾ?"

ನೀನು ಎನ್ನುತ್ತಿದ್ದವರು ನೀವು ಎಂದದ್ದು ಗೌರವಕ್ಕೋ ಅನುಮಾನಕ್ಕೋ ನನಗೆ ತಿಳಿಯಲಿಲ್ಲ. ಮುಂದಿನ ಕೋಣೆ ನನಗೆ ಸಿಕ್ಕಿತು. ನನ್ನ ಬಗ್ಗೆ ನಮ್ಮೂರಿನ ಕಡೆ ವಿಚಾರಿಸಿಕೊಂಡು ಬರಲು ಅವರು ಒಬ್ಬ ಬಳೆಗಾರನಿಗೆ ಹೇಳಿದ್ದರು ಎಂದು ಆಮೇಲೆ ಗೊತ್ತಾಯಿತು.

ಅನುಮಾನ ಅವರ ಸ್ವಭಾವವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಅವರ ತವರು ವಿದುರಾಶ್ವತ್ಥದ ಪಕ್ಕದ ಹಳ್ಳಿ. ೧೯೩೮ರಲ್ಲಿ ಅವರ ಅಣ್ಣ ಕಾಂಗ್ರೆಸ್ಸಿನವರು ಬಾವುಟ ಹಾರಿಸುವುದನ್ನು ನೋಡಲೆಂದು ಹೋಗಿ, ಪೊಲೀಸರ ಗುಂಡು ಹಾರಿದಾಗ ತುಳಿತಕ್ಕೆ ಸಿಕ್ಕಿ, ಮೊಣಕಾಲು ಮುರಿದುಕೊಂಡು ಬಂದವರು. ಸ್ವರಾಜ್ಯ ಬಂದಮೇಲೆ ಆ ಊರಿನ ವೇದಿಕೆಗಳಲ್ಲಿ ಹಾರ ಹಾಕಿಸಿಕೊಂಡವರು ಬೇರೆ ಯಾರೋ. "ಅವತ್ತು ಮನೇಲಿ ಬಾಗ್ಲು ಹಾಕ್ಕೊಂಡು ಕೂತಿದ್ದೋರು ಕಣಪ್ಪ ಅವರು" ಎನ್ನುತ್ತಿದ್ದರು. ಅಂದಿನಿಂದ ಯಾರು ಯಾವ ಬಾವುಟ ಹಿಡಿದು ಬಂದರೂ ಅವರು ಮೊದಲು ಕೇಳುತ್ತಿದ್ದುದು, ಹಿಡಿದವನು ನಿನ್ನೆ ಎಲ್ಲಿದ್ದ ಎಂದು. ಗಂಡ ತೀರಿಕೊಂಡ ಮೇಲೆ ಬಾವಿಯ ಪಕ್ಕದ ಹಿಪ್ಪುನೇರಳೆ ತೋಟವನ್ನೂ ಹುಳುವನ್ನೂ ಒಬ್ಬರೇ ನೋಡಿಕೊಂಡರು. ಆ ಬೆಳೆಯ ಮೇಲೆಯೇ ಅವರ ಬದುಕು ನಿಂತಿತ್ತು.

ಅವರು ಅನುಮಾನವಿಲ್ಲದೆ ನಂಬುತ್ತಿದ್ದ ಒಂದೇ ಒಂದು ವಸ್ತು ಬೇವಿನ ಸೊಪ್ಪು. ರೇಷ್ಮೆ ಸಾಕುವ ಹಳ್ಳಿಗಳಲ್ಲಿ ಅದೊಂದು ಕಟ್ಟುಪಾಡು. ಹುಳುಮನೆಯ ಬಾಗಿಲಿಗೆ ಬೇವು ಕಟ್ಟಿದರೆ ಒಳಗೆ ಹುಳು ಇದೆ, ಹೊರಗಿನವರು ಕಾಲಿಡಬಾರದು ಎಂದು ಅರ್ಥ. ಹುಳುಗಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಅಲುಗಾಡದೆ ಕೂರುವ ಸಮಯವನ್ನು ಅಲ್ಲಿ ಜ್ವರ ಎನ್ನುತ್ತಾರೆ. ಹುಳು ಬೆಳೆಯುವಷ್ಟರಲ್ಲಿ ಅಂಥ ನಾಲ್ಕು ಜ್ವರ ದಾಟಬೇಕು. ಜ್ವರದಲ್ಲಿದ್ದಾಗಂತೂ ಸಾಲ ಕೊಟ್ಟವನಾಗಲಿ, ನೆಂಟರಾಗಲಿ, ಪಟೇಲರಾಗಲಿ ಬೇವು ಕಂಡರೆ ಬೀದಿಯಲ್ಲೇ ನಿಂತು ಕೂಗುತ್ತಿದ್ದರು. ದಾಯಾದಿಗಳ ಜಗಳದಲ್ಲಿ ತಲೆ ಒಡೆದದ್ದುಂಟು, ಬೇವು ಕಟ್ಟಿದ ಬಾಗಿಲನ್ನು ಯಾರೂ ತಳ್ಳಿರಲಿಲ್ಲ.

ಅವರ ಮನೆಗೂ ಮೈದುನನ ಮಗ ಚಲಪತಿಯ ಮನೆಗೂ ನಡುವೆ ಒಂದು ಓಣಿ. ಚಲಪತಿ ನನ್ನ ವಯಸ್ಸಿನವನು. ಸ್ವಲ್ಪ ತೋಟವಿತ್ತು, ಹುಳುಮನೆ ಇತ್ತು, ಆದರೆ ಹೆಚ್ಚು ದಿನ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ ಹುಡುಕಿ ಅವನ ಬೆರಳ ತುದಿಗಳು ಬೆಳ್ಳಗೆ ಊದಿಕೊಂಡಿರುತ್ತಿದ್ದವು. ಅಲ್ಲಿನ ಕೆಲಸಗಾರರ ಸಂಘದಲ್ಲಿ ಅವನು ಕಮ್ಯುನಿಸ್ಟ್ ಪಕ್ಷದ ಮಾತು ಕೇಳಿದ. ಊರಿಗೆ ಬಂದರೆ ಆ ಮಾತೇ. ದೊಡ್ಡಮ್ಮನ ಮುಂದೆ ಮಾತ್ರ ಎತ್ತುತ್ತಿರಲಿಲ್ಲ.

೧೯೬೧ರ ಬೇಸಗೆಯಲ್ಲಿ ಅಕ್ಕಯ್ಯಮ್ಮ ಒಂದು ಭಾನುವಾರ ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕರೆದರು.

"ಮೇಷ್ಟ್ರೇ, ಚಲಪತಿ ಬಾಗ್ಲಿಗೆ ಬೇವು ಕಟ್ಟಿ ವಾರದ ಮೇಲಾಯ್ತು. ನೀವು ನೋಡಿದ್ರಾ?"

"ನೋಡಿದೆ. ಹುಳ ಇಟ್ಟಿರಬೇಕು."

"ಎಂಥ ಹುಳಾನೋ? ಒಳಗೆ ಒಂದು ಮಂಕರಿ ಸೊಪ್ಪು ಹೋಗ್ಲಿಲ್ಲ, ಹೊರಗೆ ಒಂದು ಹಿಡಿ ಹಿಕ್ಕೆ ಬರ್ಲಿಲ್ಲ. ತಿಪ್ಪೆ ನೋಡ್ಕೊಂಡು ಬಂದೆ. ತಿನ್ನದೆ ಹೇಲದೆ ಬದುಕೋ ಹುಳ ನಾನಂತೂ ಕಾಣೆ. ಬನ್ನಿ ನನ್ ಜೊತೆ."

ಓಣಿ ದಾಟಿದೆವು. ಬೇವು ಕಟ್ಟಿದ ಬಾಗಿಲ ಮುಂದೆ ಅವರು ಒಂದು ಕ್ಷಣ ನಿಂತರು. ಅಷ್ಟು ಅನುಮಾನವಿದ್ದರೂ ಆ ಬಾಗಿಲನ್ನು ತಳ್ಳಲು ಅವರ ಕೈ ಏಳಲಿಲ್ಲ. ಕಾಲು ತೊಳೆದುಕೊಂಡು ಬಂದು, ಆಮೇಲೆ ತಳ್ಳಿದರು.

ಒಳಗೆ ಹುಳು ಮೇಯಿಸುವ ಅಗಲದ ಬಿದಿರು ತಟ್ಟೆಗಳನ್ನು ಖಾಲಿಯಾಗಿ ಗೋಡೆಗೆ ಒರಗಿಸಿದ್ದರು. ನೆಲದ ಮೇಲೆ ಎಂಟು ಹತ್ತು ಜನ, ಹೆಚ್ಚಿನವರು ನೂಲು ಬಿಚ್ಚುವವರು. ನಡುವೆ ದಪ್ಪ ಕನ್ನಡಕದ ವಯಸ್ಸಾದವರೊಬ್ಬರು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, ಪಕ್ಷದ ಪಾಠ ಹೇಳಲು ಬಂದಿದ್ದರು. ಚಲಪತಿ ಗಾಬರಿಯಿಂದ ಎದ್ದ.

"ಹುಳ ಚೆನ್ನಾಗಿ ಬೆಳ್ದವೆ ಕಣೋ ಚಲಪತಿ" ಎಂದರು ಅಕ್ಕಯ್ಯಮ್ಮ. "ಮೀಸೆ ಬಂದವೆ."

ಯಾರೋ ನಕ್ಕರು. ಕನ್ನಡಕದವರು ಗಣಿಯ ಕಡೆಯ ತೆಲುಗು ಬೆರೆಸಿ, "ಅಮ್ಮಗಾರೂ, ಬನ್ನಿ, ಕೂತ್ಕೊಳ್ಳಿ" ಎಂದರು. ಅಕ್ಕಯ್ಯಮ್ಮ ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹೇಳುತ್ತಿದ್ದುದನ್ನು ಮುಂದುವರಿಸಿ ಎಂದರು. ಅವರು ಮುಂದುವರಿಸಿದರು.

ಕಾಲೇಜಿನಲ್ಲಿ ನಾನು ಓದಿ ಪರೀಕ್ಷೆಗೆ ಬರೆದಿದ್ದ ಸಂಗತಿಯೇ. ಆದರೆ ಅಲ್ಲಿ ಕೇಳಿದಾಗ ಬೇರೆಯಾಗಿ ಕೇಳಿಸಿತು. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಉಗಿಯ ಯಂತ್ರಗಳು ಬಂದದ್ದು, ಮನೆಯಲ್ಲಿ ಮಗ್ಗ ಇಟ್ಟುಕೊಂಡಿದ್ದವರು ಮಗ್ಗ ಬಿಟ್ಟು ಗಿರಣಿಯ ಬಾಗಿಲಲ್ಲಿ ಸಾಲು ನಿಂತದ್ದು, ಆ ಹೊಗೆಯ ಊರುಗಳನ್ನು ನೋಡಿದ ಜರ್ಮನಿಯ ಪಂಡಿತರೊಬ್ಬರು ದುಡಿಯುವವನ ಕೈಗೆ ದುಡಿಮೆಯ ಉಪಕರಣ ಬರಬೇಕು ಎಂದು ಬರೆದದ್ದು. ಪ್ಯಾರಿಸ್ಸಿನಲ್ಲಿ ಕೂಲಿಯವರು ಊರನ್ನೇ ಕೆಲವು ವಾರ ಆಳಿ ಸತ್ತದ್ದು. ಆಮೇಲೆ ರಷ್ಯ. ಆಮೇಲೆ ನಮ್ಮ ನೆರೆಯ ತೆಲಂಗಾಣ. "ಆ ಮಾತು ಹೀಗೆ ನಡ್ಕೊಂಡು ನಡ್ಕೊಂಡು ನಮ್ಮ ಗಣಿಯೊಳಗೂ ಇಳೀತು" ಎಂದರು.

"ಸ್ವಾಮಿ, ಒಂದು ಮಾತು" ಎಂದರು ಅಕ್ಕಯ್ಯಮ್ಮ. "ಆ ಜರ್ಮನಿಯೋರು, ಮೊದ್ಲು ಹೇಳಿದೋರು, ಅವರಿಗೆ ಹೊಲ ಇತ್ತಾ?"

"ಇಲ್ಲಮ್ಮ."

"ಗಿರಣೀಲಿ ಕೆಲ್ಸ ಮಾಡ್ತಿದ್ರಾ?"

"ಇಲ್ಲ. ಓದ್ತಿದ್ರು, ಬರೀತಿದ್ರು."

"ಮತ್ತೆ ಹೆಂಡ್ತಿ ಮಕ್ಳ ಹೊಟ್ಟೆಗೆ?"

"ಬಹಳ ಕಷ್ಟಪಟ್ರಮ್ಮ. ಒಬ್ಬ ಸ್ನೇಹಿತರು ನೆರವಾಗ್ತಿದ್ರು."

"ಆ ಸ್ನೇಹಿತರದೇನು ಕಸುಬು?"

"ಅವರ ಮನೆಯವರದು ಹತ್ತಿ ಗಿರಣಿ."

"ಅಂದ್ರೆ ಗಿರಣಿ ಸಾಹುಕಾರನ ಅನ್ನ ತಿಂದು ಗಿರಣಿ ಸಾಹುಕಾರನ ಮೇಲೆ ಬರೆದ್ರು. ಇಬ್ಬರಲ್ಲಿ ಯಾರೋ ಒಬ್ರು ಇನ್ನೊಬ್ರಿಗೆ ಟೋಪಿ ಹಾಕವ್ರೆ."

ಹುಳುಮನೆ ತುಂಬ ನಗು. ಚಲಪತಿ ಮಾತ್ರ, "ದೊಡ್ಡಮ್ಮ, ನಿಂಗಿದೆಲ್ಲ ತಿಳಿಯಲ್ಲ, ಹೋಗಮ್ಮ" ಎಂದ. ಕನ್ನಡಕದವರು ಅವನನ್ನು ಸುಮ್ಮನಿರಿಸಿದರು. ಅವರೂ ನಗುತ್ತಿದ್ದರು.

"ಇನ್ನೊಂದೈತೆ. ತೋಟ ಎಲ್ಲರದೂ, ಹುಳ ಎಲ್ಲರದೂ ಅಂತೀರಿ. ಸರಿ. ಹುಳ ಹಣ್ಣಾದ ದಿನ ಯಾರಿಗೂ ಊಟ ಇಲ್ಲ, ನಿದ್ದೆ ಇಲ್ಲ, ಒಂದೊಂದೇ ಆರಿಸಿ ಗೂಡು ಕಟ್ಟೋಕೆ ಬಿಡಬೇಕು. ನನ್ನದು ಅಂತಿದ್ರೆ ನಾನು ಏಳ್ತೀನಿ. ಎಲ್ಲರದೂ ಅಂದ್ರೆ ಯಾರು ಏಳ್ತಾರೆ?"

"ಗೊತ್ತಿಲ್ಲಮ್ಮ" ಎಂದರು ಕನ್ನಡಕದವರು. "ಗಣೀಲಿ ನಮ್ಮದು ಅಂತ ಏನೂ ಇರ್ಲಿಲ್ಲ. ಆದ್ರೂ ಕಲ್ಲು ಕುಸಿದ ದಿನ ಎಲ್ಲರೂ ಇಳೀತಿದ್ವಿ. ಹುಳದ ವಿಷಯ ನಂಗೆ ಗೊತ್ತಿಲ್ಲ."

ಆ ಉತ್ತರ ಅಕ್ಕಯ್ಯಮ್ಮನವರಿಗೆ ಹಿಡಿಸಿತು. ಅವರ ಬಾಯಲ್ಲಿ ಆ ಮನುಷ್ಯನ ಮೇಲೆ ಒಂದೇ ಒಂದು ಕೊಂಕು ಮಾತನ್ನು ಮುಂದೆ ನಾನು ಕೇಳಲಿಲ್ಲ. ಆದರೆ ಚಲಪತಿಯ ಕಡೆ ತಿರುಗಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

"ಕೂಟ ಏನಾರ ಮಾಡ್ಕೊ. ಬೇವು ಬಿಚ್ಚು."

"ಬಿಚ್ಚಿದ್ರೆ ಪಟೇಲರ ಆಳು ಬಂದು ಕಿವಿ ಇಡ್ತಾನೆ. ಪೊಲೀಸ್ನೋರು ಬರ್ತಾರೆ. ಇದಾದ್ರೆ ಯಾರೂ ಬರಲ್ಲ."

"ಅದಕ್ಕೇ ಕಣೋ ಬಿಚ್ಚು ಅಂದಿದ್ದು. ಯಾರೂ ಬರಲ್ಲ ಅನ್ನೋದು ನಿಮ್ಮಪ್ಪ ಮಾಡಿಟ್ಟಿದ್ದಲ್ಲ. ನಿನ್ನ ಸುಳ್ಳು ಒಂದ್ಸಲ ಹೊರಗೆ ಬಿದ್ರೆ ನನ್ನ ನಿಜಾನ ಯಾರು ನಂಬ್ತಾರೆ?"

ಚಲಪತಿ ಅವತ್ತು ಬಿಚ್ಚಿದ. ಮುಂದಿನ ತಿಂಗಳು ಮತ್ತೆ ಕಟ್ಟಿದ.

೧೯೬೨ರ ಅಕ್ಟೋಬರಿನಲ್ಲಿ ಚೀನಾದ ಜೊತೆ ಯುದ್ಧ ಶುರುವಾಯಿತು. ಪಟೇಲ್ ವೆಂಕಟರವಣಪ್ಪನವರ ಜಗಲಿಯಲ್ಲಿ ರೇಡಿಯೋ ಇತ್ತು. ಊರೆಲ್ಲ ಅಲ್ಲಿ ಸೇರುತ್ತಿತ್ತು. ವಾರ್ತೆ ಮುಗಿದ ಮೇಲೆ ಒಬ್ಬರು ಇನ್ನೊಬ್ಬರ ಮುಖ ನೋಡುವುದು ಶುರುವಾಗುತ್ತಿತ್ತು. ಹಿಮಾಲಯ ಎಲ್ಲಿ, ನಮ್ಮ ಊರೆಲ್ಲಿ, ಆದರೂ ಚೀನಾದವರ ಕಡೆಯವರು ಊರೊಳಗೇ ಇದ್ದಾರೆ ಎಂಬ ಮಾತು ಹುಟ್ಟಿತು. ಹೊರಗಿನಿಂದ ಬಂದ ಬಳೆಗಾರನನ್ನೂ ತಡೆದು ಕೇಳಿದರು. ಭೂಪಟ ಹಾಕಿ ಪಾಠ ಮಾಡಿದ್ದಕ್ಕೆ ನನ್ನನ್ನೂ ಪಟೇಲರು ಕರೆಸಿ, "ಏನ್ ಮೇಷ್ಟ್ರೇ, ಗಡಿ ಎಲ್ಲೈತೆ ಅಂತ ಹುಡುಗರಿಗೆ ಯಾಕೆ ತೋರಿಸ್ತಿದೀರಿ?" ಎಂದರು. ನವೆಂಬರಿನಲ್ಲಿ ಕಮ್ಯುನಿಸ್ಟರನ್ನು ಅಲ್ಲಲ್ಲಿ ಹಿಡಿಯುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಚಲಪತಿ ಊರಲ್ಲಿ ಕಾಣಿಸಲಿಲ್ಲ.

ಆ ಹೊತ್ತಿಗೆ ಅಕ್ಕಯ್ಯಮ್ಮನವರ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಆ ಸಲದ ಹುಳು ಚೆನ್ನಾಗಿ ಬಂದಿತ್ತು. ಒಂದೇ ಸಮನಾಗಿ, ಹಾಲುಬಣ್ಣ. ಒಂದು ಬೆಳಿಗ್ಗೆ ದಫೇದಾರ್ ಚೆನ್ನರಾಯಪ್ಪ ಇಬ್ಬರು ಪೇದೆಗಳ ಜೊತೆ ಬಂದರು. ಮೊದಲು ಚಲಪತಿಯ ಹುಳುಮನೆಯ ಬೇವನ್ನು ಕಿತ್ತು ಬಾಗಿಲು ಒದ್ದರು. ಒಳಗೆ ತಟ್ಟೆಗಳು ಖಾಲಿ. ಬೇವಿನ ಗುಟ್ಟು ಅವರಿಗೆ ಯಾರೋ ಹೇಳಿದ್ದರು. ಅಲ್ಲಿಂದ ಓಣಿ ದಾಟಿ ಈಚೆ ಬಂದರು. ಹಿಂದೆ ಪಟೇಲರು, ಅವರ ಹಿಂದೆ ಅರ್ಧ ಊರು.

ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು.

"ದಫೇದಾರಪ್ಪ, ಒಳಗೆ ಹುಳ ಜ್ವರದಲ್ಲವೆ."

"ಪಕ್ಕದ ಮನೇಲೂ ಜ್ವರಾನೇ ಇತ್ತಮ್ಮ. ಈಗ್ತಾನೆ ಬಿಡಿಸ್ಕೊಂಡು ಬಂದೆ."

"ಅದು ಸುಳ್ಳು ಬೇವು. ಇದು ನಿಜದ್ದು."

"ಬೇವಿಗೆ ಸೀಲು ಹೊಡೆದೈತಾ ಹೇಳೋಕೆ? ಸರಿಯಮ್ಮ ಆಚೆ."

"ನೀವು ನೋಡ್ಬೇಡಿ ಅಂತ ನಾನೇನೂ ಅನ್ನಲ್ಲ. ನೋಡಿ. ಒಬ್ರು ಬನ್ನಿ. ಬೂಟು ಬಿಚ್ಚಿ, ಕೈಕಾಲು ತೊಳ್ಕೊಳಿ, ಬೀಡಿ ಹೊರಗಿಡಿ. ಒಂದೊಂದು ತಟ್ಟೇನೂ ನಾನೇ ತೋರಿಸ್ತೀನಿ."

"ಅಷ್ಟೊತ್ತಿಗೆ ಹಿಂದ್ಗಡೆಯಿಂದ ಅವನು ಚಿಂತಾಮಣಿ ಸೇರಿರ್ತಾನೆ."

"ಹಿಂದ್ಗಡೆ ಬಾಗ್ಲೇ ಇಲ್ಲ. ಪಟೇಲ್ರನ್ನ ಕೇಳಿ. ಪಟೇಲ್ರೇ, ನೀವೂ ಹುಳ ಮೇಯಿಸೋರು. ದಿನಾ ನನ್ನ ಸೊಪ್ಪಿನ ಮಂಕರಿ ನಿಮ್ಮ ಮನೆ ಮುಂದೇನೇ ಬರ್ತೈತೆ. ಹೇಳಿ."

ಪಟೇಲರು ಕೆಟ್ಟವರೇನಲ್ಲ. ಆದರೆ ಪಕ್ಕದ ಬಾಗಿಲಿನ ಬೇವನ್ನು ಅವರೂ ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. ಅದರ ಮುಂದೆ ಬೀದಿಯಲ್ಲಿ ನಿಂತು, ಒಳಗೆ ಬಾರದೆ ಎಷ್ಟೋ ಸಲ ಚಲಪತಿಯನ್ನು ಕೂಗಿ ಕರೆದಿದ್ದರು. ಈಗ ಆ ಖಾಲಿ ತಟ್ಟೆ ನೋಡಿ ಬಂದವರ ಮುಖ ಕಲ್ಲಾಗಿತ್ತು. "ಸೊಪ್ಪು ಒಳಗೆ ಹೋಗೋದು ನೋಡಿದೀನಿ" ಎಂದರು. "ಯಾರು ತಿಂತಿದ್ರೋ ನೋಡಿಲ್ಲ."

ಒಳಗೆ ಹುಳು ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿದೆ. "ನೀವು ಆ ಕೂಟದಲ್ಲಿ ಇದ್ರಂತಲ್ಲ ಮೇಷ್ಟ್ರೇ?" ಎಂದರು ದಫೇದಾರರು. ಅಲ್ಲಿಗೆ ನನ್ನ ಸಾಕ್ಷಿ ಮುಗಿಯಿತು.

ಒಬ್ಬ ಪೇದೆ ಅಕ್ಕಯ್ಯಮ್ಮನವರ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಬೂಟುಕಾಲಿನಲ್ಲಿ ಮೂವರೂ ಒಳಗೆ ಹೋದರು. ಗೋಡೆಗೆ ಸೇರಿಸಿದ್ದ ತಟ್ಟೆಗಳ ಸಾಲನ್ನು ಎಳೆದು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಒಂದು ಸಾಲು ವಾಲಿ ಬಿತ್ತು. ತಲೆ ಎತ್ತಿ ಕೂತಿದ್ದ ಹುಳು ನೆಲದ ತುಂಬ ಚೆಲ್ಲಿತು. ಚೆನ್ನರಾಯಪ್ಪನವರು ಹೊರಗೆ ಬಂದಾಗ ಅವರ ಮುಖವೂ ಬಾಡಿತ್ತು. "ಹುಳಾನೇ ಇದ್ವು" ಎಂದು ಯಾರಿಗೋ ಹೇಳಿಕೊಂಡಂತೆ ಹೇಳಿ ಹೊರಟುಹೋದರು.

ನಾಲ್ಕೈದು ದಿನದಲ್ಲಿ ಹುಳುಗಳು ಮೆತ್ತಗಾಗಿ ಕಪ್ಪಿಟ್ಟು ಸತ್ತವು. ಮಂಕರಿಗಳಲ್ಲಿ ತುಂಬಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಪೊಲೀಸರಿಂದಲೇ ಹೀಗಾಯಿತು ಎಂದು ನಾನು ಅಂದಾಗ ಅಕ್ಕಯ್ಯಮ್ಮ ಒಪ್ಪಲಿಲ್ಲ. "ಹಂಗಂತ ಹೇಳೋಕಾಗಲ್ಲ ಮೇಷ್ಟ್ರೇ. ಮೋಡಾನೂ ಇತ್ತು. ಪೊಲೀಸ್ನೋರು ಬೇವು ಕಾಣದೋರು, ಅವರಿಗೇನು ಗೊತ್ತು? ಬೇವು ಗೊತ್ತಿದ್ದೋನು ಮಾಡಿದ್ದು ಇದು."

ಆ ದಿನಗಳಲ್ಲೇ ಚಲಪತಿಯನ್ನು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಹಿಡಿದರು. ಮುಂದಿನ ವರ್ಷ ಬಿಡುಗಡೆಯಾಗಿ ಬಂದ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರು ಅವನಿಗೆ ಹಾರ ಹಾಕಿ ಸಭೆ ಮಾಡಿದರು. ಅಕ್ಕಯ್ಯಮ್ಮ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದರು. ದಾರಿಯಲ್ಲಿ ಅವರು ಹೇಳಿದ್ದು ಒಂದೇ: "ಅವನ ಬಾಯಲ್ಲೇ ಆ ಬೇವು ಸುಳ್ಳು ಅಂತ ಬರಬೇಕು. ನಾಲ್ಕು ಜನ ಕೇಳಬೇಕು. ಆಗ ನನ್ನ ಬಾಗ್ಲ ಬೇವು ಮತ್ತೆ ಬೇವಾಗ್ತೈತೆ."

ಸಭೆಯಲ್ಲಿ ಸುತ್ತಲ ಹಳ್ಳಿಗಳ ಜನ ತುಂಬಿದ್ದರು. ಚಲಪತಿ ಮಾತಾಡುತ್ತ, "ನಮ್ಮ ದೊಡ್ಡಮ್ಮ ಒಬ್ಬಂಟಿಯಾಗಿ ಪೊಲೀಸರನ್ನು ತಡೆದು ಪಕ್ಷದ ಮಾನ ಉಳಿಸಿದರು" ಎಂದು ಕೈ ತೋರಿಸಿದ. ಚಪ್ಪಾಳೆ ಬಿತ್ತು. ಅಕ್ಕಯ್ಯಮ್ಮ ಎದ್ದು ನಿಂತರು.

"ನಾನು ಪಕ್ಷಕ್ಕೆ ನಿಲ್ಲಲಿಲ್ಲಪ್ಪ, ಹುಳಕ್ಕೆ ನಿಂತೆ. ನೀನು ಹುಳ ಇಲ್ಲದ ಮನೆಗೆ ಬೇವು ಕಟ್ಟಿದ್ದು ಹೇಳು ಮೊದ್ಲು."

ಚಪ್ಪಾಳೆ ನಿಂತಿತು. ಅಲ್ಲಿದ್ದವರೆಲ್ಲ ಹುಳು ಮೇಯಿಸುವ ಮನೆಗಳಿಂದ ಬಂದವರು. ಹಿಂದೆಲ್ಲೋ ಒಬ್ಬರು, "ಸುಳ್ಳು ಬೇವಾ?" ಎಂದರು, ನಂಬಲಾಗದವರಂತೆ.

ಚಲಪತಿ ಹಾರ ತೆಗೆದು ಮೇಜಿನ ಮೇಲಿಟ್ಟ. ಜೈಲಿಗೆ ಹೋಗಿ ಬಂದವನು, ಪೊಲೀಸರ ಮುಂದೆ ಯಾರ ಹೆಸರನ್ನೂ ಹೇಳದವನು, ಈ ಮಾತಿಗೆ ಬೆವರಿದ. "ಕಟ್ಟಿದ್ದು ನಿಜ" ಎಂದ. "ನಮ್ಮ ಮಾತು ಹೊರಗೆ ಹೋಗಬಾರದು ಅಂತ ಕಟ್ಟಿದೆ. ತಪ್ಪಾಯ್ತು."

"ಇನ್ನೇನೇನು ಸುಳ್ಳು ಕಟ್ಟಿದೀಯಪ್ಪ?" ಎಂದು ಯಾರೋ ಕೂಗಿದರು. ನಗು, ಕೂಗಾಟ. ಸಭೆ ಅಲ್ಲಿಗೆ ಮುಗಿಯಿತು. ಮರಳುವಾಗ ಅಕ್ಕಯ್ಯಮ್ಮ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಆದದ್ದು ಮಾತ್ರ ಅವರು ಎಣಿಸಿದ್ದಲ್ಲ. ಅಲ್ಲಿಯವರೆಗೆ ನಮ್ಮ ಒಂದೇ ಊರಿಗೆ ಗೊತ್ತಿದ್ದ ವಿಷಯ ಆ ಸಭೆಯಿಂದ ತಾಲ್ಲೂಕಿಗೆಲ್ಲ ಹರಡಿತು. ಬೇವು ಕಟ್ಟಿಯೂ ಒಳಗೆ ಹುಳು ಇಲ್ಲದಿರಬಹುದು ಎಂಬುದು ಯಾರ ತಲೆಗೂ ಹೊಳೆಯದಿದ್ದ ಕಡೆಯೂ ಈಗ ಹೊಳೆಯಿತು. ಮುಂದಿನ ಬೆಳೆಗೆ ಅಕ್ಕಯ್ಯಮ್ಮ ಬೇವು ಕಟ್ಟಿದಾಗ ನೆರೆಯ ಗೋದಮ್ಮನವರು ಗೆರೆ ದಾಟಿ ಬಂದು, "ಸುಮ್ನೆ ನೋಡಣ ಅಂತ ಬಂದೆ ಕಣಕ್ಕ" ಎಂದರು. ಠಾಣೆಯವರು ಎರಡು ಸಲ ಬಂದರು. ಕೊನೆಗೆ ಪಟೇಲರ ಮನೆಯ ಬೇವಿನ ಬಾಗಿಲನ್ನೂ ಯಾರೋ ತಳ್ಳಿ ಇಣುಕಿದರಂತೆ. ಜನ ಬಾಗಿಲಿಗೆ ಬೀಗ ಹಾಕುವುದನ್ನು ಕಲಿತರು. ಅಕ್ಕಯ್ಯಮ್ಮನವರ ಎರಡು ಬೆಳೆ ಒಂದರ ಹಿಂದೆ ಒಂದು ಕೆಟ್ಟವು. ಬೀಗ ಹಾಕಿ ಹುಳು ಸಾಕಲು ಅವರು ಒಪ್ಪಲಿಲ್ಲ.

"ಬೀಗ ಹಾಕಿದ್ರೆ ಎಲ್ಲರೂ ಕಳ್ಳರು ಅಂದಂಗಾಯ್ತು. ಅಷ್ಟು ಅನುಮಾನ ನಂಗೂ ಇಲ್ಲ ಮೇಷ್ಟ್ರೇ."

ಅರವತ್ತನಾಲ್ಕರಲ್ಲಿ ಪಕ್ಷ ಎರಡಾಯಿತು. ಎರಡೂ ಕಡೆಯವರು ಅಕ್ಕಯ್ಯಮ್ಮನವರನ್ನು ತಮ್ಮವರೆಂದು ಹೇಳಿಕೊಳ್ಳಲು ಬಂದರು. ಇಬ್ಬರನ್ನೂ ಬಿಸಿಲಲ್ಲಿ ನಿಲ್ಲಿಸಿ, "ನಿಮ್ಮಲ್ಲಿ ನಿಜದೋರು ಯಾರು ಅಂತ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ" ಎಂದು ಕಳಿಸಿದರು. ಚಲಪತಿ ಒಂದು ಕಡೆ ಸೇರಿದ. ಕನ್ನಡಕದವರು ಯಾವ ಕಡೆಗೂ ಸೇರದೆ ಗಣಿಯ ಊರಲ್ಲೇ ಉಳಿದರೆಂದು ಕೇಳಿದೆ.

ಅಕ್ಕಯ್ಯಮ್ಮನವರು ಈಗ ಹುಳು ಮೇಯಿಸುವುದಿಲ್ಲ. ಬೆಳಿಗ್ಗೆ ತೋಟದ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು, ಹಸಿ ಗೋಣಿಯಲ್ಲಿ ಕಟ್ಟಿ, ಹುಳು ಇರುವ ಮನೆಗಳಿಗೆ ಮಾರುತ್ತಾರೆ.